ಚಳಿಜ್ವರದ ಜೊತೆ ಕಣ್ಣು ಹಳದಿಯಾದರೆ

ಪುಟ್ಟಿ, ದುವ್ವಾಡದ ಆಸ್ಪತ್ರೆಯಲ್ಲಿ ನಿನಗೆ ರಾತ್ರಿ ಡ್ಯೂಟಿ ಹಾಕಿದ್ದಾರಂತೆ, ನಿಮ್ಮಮ್ಮ ಹೇಳಿದಳು. ಎದೆನೋವು, ಹಾವು ಕಡಿತ ಇವನ್ನೆಲ್ಲ ಸೀನಿಯರ್‌ಗಳು ಕಲಿಸಿಯೇ ಕಲಿಸುತ್ತಾರೆ. ಪಿತ್ತನಾಳದ ಸೋಂಕಿನ ಬಗ್ಗೆ ಮಾತ್ರ ಈ ಮಾವನ ಎರಡು ಮಾತು ಕೇಳು. ಸಂಜೆ ನಡೆದುಕೊಂಡು ಬಂದವರ ಬಿ.ಪಿ. ಬೆಳಗಾಗುವುದರೊಳಗೆ ಕುಸಿದಿರುತ್ತದೆ.

ನಡುಕದ ಜ್ವರ, ಬಲಪಕ್ಕೆಯ ಕೆಳಗೆ ನೋವು, ಕಾಮಾಲೆ. ಷಾರ್ಕೊ 1877ರಲ್ಲಿ ಹೇಳಿದ ಈ ಮೂರನ್ನು ಪರೀಕ್ಷೆಗೆ ಉರುಹೊಡೆದಿದ್ದೀಯ. ಮೂರೂ ಇದ್ದರೆ ಅನುಮಾನಕ್ಕೆ ಎಡೆ ಕಡಿಮೆ, ಸರಿ. ಆದರೆ ಎಷ್ಟೋ ಜನರಲ್ಲಿ ಮೂರೂ ಒಟ್ಟಿಗೆ ಬರುವುದೇ ಇಲ್ಲ. ವಯಸ್ಸಾದವರಿಗೆ ಜ್ವರವೇ ಇರದೆ, "ನಿನ್ನೆಯಿಂದ ಅಜ್ಜಿ ಏನೇನೋ ಬಡಬಡಿಸ್ತಾಳೆ" ಎಂದಷ್ಟೇ ಮನೆಯವರು ಹೇಳಬಹುದು. 1959ರಲ್ಲಿ ರೆನಾಲ್ಡ್ಸ್ ಮತ್ತು ಡಾರ್ಗನ್ ಆ ಮೂರರ ಜೊತೆಗೆ ಬುದ್ಧಿಭ್ರಮಣೆ, ಬಿ.ಪಿ. ಕುಸಿತ ಸೇರಿಸಿದರಲ್ಲ, ಆ ಐದೂ ಕಾಣುವವರೆಗೆ ಕಾದರೆ ಕೈಮೀರಿರುತ್ತದೆ.

ನೀನಿರುವ ಕಡೆ ದಾರಿ ತಪ್ಪಿಸುವ ಸಂಗತಿಗಳೂ ಇವೆ. ಪಾಡೇರು, ಅರಕು ಕಡೆಯ ಏಜೆನ್ಸಿಯವರು, ಅಂದರೆ ಗುಡ್ಡಗಾಡಿನ ಬುಡಕಟ್ಟು ಪ್ರದೇಶದವರು, ಚಳಿಜ್ವರ ಎಂದು ಬಂದರೆ ಎಲ್ಲರ ಬಾಯಲ್ಲೂ ಮಲೇರಿಯಾ. ಸ್ಮಿಯರ್ ಮಾಡಿಸು, ಬೇಡ ಎನ್ನುವುದಿಲ್ಲ. ಬಿಲಿರುಬಿನ್ ಜೊತೆ ಆಲ್ಕಲೈನ್ ಫಾಸ್ಫಟೇಸ್ ಕೂಡ ಚೆನ್ನಾಗಿ ಏರಿದ್ದರೆ ಅಷ್ಟಕ್ಕೇ ನಿಲ್ಲಬೇಡ, ನಾಳ ಕಟ್ಟಿದೆಯೇ ನೋಡು. ಉಕ್ಕಿನ ಕಾರ್ಖಾನೆಯ ಕುಲುಮೆ ಪಕ್ಕ ದುಡಿಯುವವರು ಮೂತ್ರ ಕಡುಹಳದಿಯಾದರೆ ನೀರು ಕುಡಿದದ್ದು ಸಾಲದು ಅಂದುಕೊಳ್ಳುತ್ತಾರೆ. ಮೈ ತುರಿಸುತ್ತದೆಯೇ, ಮಲ ಬಿಳಿಚಿದೆಯೇ ಕೇಳು. ಟ್ಯೂಬ್‌ಲೈಟ್ ಬೆಳಕನ್ನು ನಂಬಬೇಡ. ಹಗಲಾಗಿದ್ದರೆ ಕಿಟಕಿ ಪಕ್ಕ ಕೂರಿಸಿ, ಕೆಳಗೆ ನೋಡಲು ಹೇಳಿ, ಮೇಲ್ರೆಪ್ಪೆ ಎತ್ತಿ ಬಿಳಿಗುಡ್ಡೆ ನೋಡು. ಕಾಮಾಲೆಗೆ ಸೊಪ್ಪಿನ ರಸ ಕುಡಿದು ಬಂದವರನ್ನು ಬೈಯಬೇಡ. ಬೈದರೆ ಎಷ್ಟು ದಿನದಿಂದ ಕುಡಿಯುತ್ತಿದ್ದಾರೆ ಎಂಬುದನ್ನೂ ಹೇಳುವುದಿಲ್ಲ.

"ಗಾಲ್‌ಬ್ಲಾಡರ್ ಆಗಲೇ ತೆಗೆಸಿದ್ದೇವೆ" ಎಂದರೆ ಸಮಾಧಾನಪಡಬೇಡ. ನಾಳದಲ್ಲಿ ಕಲ್ಲು ಉಳಿದಿರಬಹುದು, ಹೊಸದಾಗಿಯೂ ಹುಟ್ಟಬಹುದು. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಕಲ್ಲಿಲ್ಲ ಎಂದಿದ್ದರೂ ನಾಳ ಎಷ್ಟು ಅಗಲವಾಗಿದೆ ಎಂದು ಓದು. ಕರುಳಿನ ಗಾಳಿಯಿಂದಾಗಿ ನಾಳದ ಕೆಳತುದಿಯ ಕಲ್ಲು ಎಷ್ಟೋ ಸಲ ಕಾಣುವುದಿಲ್ಲ. ಕಲ್ಲು ಸಿಕ್ಕಿಕೊಂಡ ಮೊದಲ ಗಂಟೆಗಳಲ್ಲಿ ನಾಳ ಹಿಗ್ಗಿರುವುದೂ ಇಲ್ಲ. ಅನುಮಾನ ಉಳಿದರೆ ಎಂಆರ್‌ಸಿಪಿ ಮಾಡಿಸು.

ಆಂಟಿಬಯಾಟಿಕ್‌ಗೆ ಮೊದಲು ಬ್ಲಡ್ ಕಲ್ಚರ್‌ಗೆ ರಕ್ತ ತೆಗೆ, ಆದರೆ ಆ ನೆಪದಲ್ಲಿ ಔಷಧಿ ತಡಮಾಡಬೇಡ. ಜ್ವರ ಇಳಿಯಿತೆಂದು ಮೈಮರೆಯಲೂಬೇಡ. ಕಟ್ಟಿದ ನಾಳದೊಳಗೆ ಔಷಧಿ ಸರಿಯಾಗಿ ಸೇರುವುದಿಲ್ಲ, ಕೀವು ಹೊರಬರಲೇಬೇಕು. ಗೊಂದಲ, ಔಷಧಿ ಕೊಟ್ಟೇ ಎತ್ತಬೇಕಾದಷ್ಟು ಕುಸಿದ ಬಿ.ಪಿ., 2 ದಾಟಿದ ಕ್ರಿಯಾಟಿನಿನ್, ಲಕ್ಷಕ್ಕಿಂತ ಕಡಿಮೆ ಪ್ಲೇಟ್‌ಲೆಟ್, ಇವುಗಳಲ್ಲಿ ಒಂದಿದ್ದರೂ ಟೋಕಿಯೊ ಮಾರ್ಗಸೂಚಿಯ ಪ್ರಕಾರ ಅದು ತೀವ್ರ ದರ್ಜೆಯ ಕಾಯಿಲೆ. ವಿಶಾಖಪಟ್ಟಣಕ್ಕೆ ಕಳಿಸುವಾಗ ನಾಳ ತೆರೆದು ಕೀವು ಬಸಿಯುವ ಇಆರ್‌ಸಿಪಿ ಈ ರಾತ್ರಿಯೇ ಆಗುತ್ತದೆಯೇ ಎಂದು ಫೋನಿನಲ್ಲಿ ಕೇಳಿಕೊಂಡೇ ಆಂಬುಲೆನ್ಸ್ ಹತ್ತಿಸು.

ನಾಳಕ್ಕೆ ಪ್ಲಾಸ್ಟಿಕ್ ಸ್ಟೆಂಟ್ ಹಾಕಿಸಿಕೊಂಡು ಬಂದವರು ಗುಣವಾಯಿತೆಂದು ಅದನ್ನು ಮರೆತೇಬಿಡುತ್ತಾರೆ. ಕೆಲವೇ ತಿಂಗಳಲ್ಲಿ ಅದೂ ಕಟ್ಟಿಕೊಂಡು ಮತ್ತದೇ ನಡುಕ. ತೆಗೆಸಬೇಕಾದ ತಾರೀಖನ್ನು ಚೀಟಿಯಲ್ಲಿ ತೆಲುಗಿನಲ್ಲೇ ಬರೆಸಿ, ಮನೆಯವರಿಂದ ಒಮ್ಮೆ ಓದಿಸಿ ಕಳಿಸು.