ವಿಮಾನದ ದಾರಿಯೂ ಗಡಿಯಾರದ ಲೆಕ್ಕವೂ

ನಮ್ಮ ಕಾಸರಗೋಡಿನ ಅನೇಕ ಮನೆಗಳಿಂದ ಒಬ್ಬರಾದರೂ ಗಲ್ಫಿಗೆ ದುಡಿಯಲು ಹೋಗಿದ್ದಾರೆ. ಅವರನ್ನು ಬೀಳ್ಕೊಟ್ಟು ಬಜಪೆಯಿಂದ ಮರಳಿದ ಮೇಲೆ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: "ಎಷ್ಟು ಹೊತ್ತಿಗೆ ಮುಟ್ಟಿಯಾರು?" ಟಿಕೆಟಿನಲ್ಲಿ ಮಂಗಳೂರು ಬಿಡುವುದು ಬೆಳಿಗ್ಗೆ 9 ಗಂಟೆ, ದುಬಾಯಿ ತಲಪುವುದು 11 ಗಂಟೆ ಎಂದಿದ್ದರೆ ಪ್ರಯಾಣ ಎರಡೇ ಗಂಟೆಯದೆಂದು ನಾವು ಎಣಿಸುತ್ತೇವೆ. ಹನ್ನೊಂದೂವರೆಯಾದರೂ ಫೋನು ಬಾರದಿದ್ದರೆ ಅಮ್ಮನಿಗೆ ಗಾಬರಿ. ಆದರೆ ಆ ಹೊತ್ತಿಗೆ ವಿಮಾನವು ಇನ್ನೂ ಆಕಾಶದಲ್ಲಿಯೇ ಇರುತ್ತದೆ! ಇದು ಹೇಗೆಂದು ನೋಡೋಣ.

ದೂರದ ಲೆಕ್ಕ

ಭೂಮಿ ಗುಂಡಗಿರುವುದರಿಂದ ಗೋಡೆಯ ಭೂಪಟದಲ್ಲಿ ಗೆರೆ ಎಳೆದು ದೂರವನ್ನು ಅಳೆದರೆ ತಪ್ಪಾಗುತ್ತದೆ. ಶಾಲೆಯ ಗ್ಲೋಬಿನ ಮೇಲೆ ಎರಡು ಊರುಗಳ ನಡುವೆ ನೂಲನ್ನು ಬಿಗಿಯಾಗಿ ಹಿಡಿಯಿರಿ. ನೂಲು ಕುಳಿತ ಗೆರೆಯೇ ಅತಿ ಹತ್ತಿರದ ದಾರಿ. ಅದನ್ನು ಮುಂದುವರಿಸಿದರೆ ಭೂಮಿಯನ್ನು ಎರಡು ಸಮಪಾಲು ಮಾಡುವ ವೃತ್ತವಾಗುತ್ತದೆ. ಇದಕ್ಕೆ ಮಹಾವೃತ್ತವೆಂದು ಹೆಸರು. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಇದನ್ನು 360ರಿಂದ ಭಾಗಿಸಿದರೆ ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಬರುತ್ತದೆ. ಮಂಗಳೂರಿಗೂ ದುಬಾಯಿಗೂ ಮಹಾವೃತ್ತದ ಮೇಲೆ ಸುಮಾರು 22 ಡಿಗ್ರಿ ಅಂತರ. 22 × 111 = 2,442 ಕಿ.ಮೀ. ಗಂಟೆಗೆ 850 ಕಿ.ಮೀ. ವೇಗವೆಂದರೆ ಮೂರು ಗಂಟೆಗೆ ಸ್ವಲ್ಪ ಕಡಿಮೆ. ಏರಲು, ಇಳಿಯಲು, ನೆಲದ ಮೇಲೆ ಸಾಗಲು ಇನ್ನರ್ಧ ಗಂಟೆ ಕೂಡಿಸಿದರೆ ಒಟ್ಟು ಮೂರೂವರೆ ಗಂಟೆ.

ಬೆಂಗಳೂರಿಗೂ ಅಮೇರಿಕದ ಸಾನ್‌ಫ್ರಾನ್ಸಿಸ್ಕೋಗೂ ನೂಲು ಹಿಡಿದರೆ ಆಶ್ಚರ್ಯ ಕಾದಿದೆ. ಭೂಪಟದಲ್ಲಿ ಅಡ್ಡಗೆರೆ ಎಳೆದು ಶಾಂತಸಾಗರದ ಮೇಲೆ ಹೋದರೆ 16,000 ಕಿ.ಮೀ. ಮೀರುತ್ತದೆ. ನೂಲಾದರೋ ಉತ್ತರಧ್ರುವದ ಕಡೆಗೆ ಬಾಗಿ ಹಾಯುತ್ತದೆ. ದೂರ ಸುಮಾರು 14,000 ಕಿ.ಮೀ. ಮಾತ್ರ! 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನಾಯಕತ್ವದಲ್ಲಿ ಮಹಿಳಾ ಪೈಲಟರೇ ಏರ್ ಇಂಡಿಯಾ ವಿಮಾನವನ್ನು ಈ ಧ್ರುವದ ದಾರಿಯಾಗಿ ಸಾನ್‌ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ತಂದರು. ಹೊರಟದ್ದು ಅಲ್ಲಿಯ 9ನೇ ತಾರೀಕಿನ ರಾತ್ರಿ, ಇಳಿದದ್ದು ಇಲ್ಲಿಯ 11ನೇ ತಾರೀಕಿನ ನಸುಕು. ತಾರೀಕು ಎರಡು ದಿನ ಮುಂದಾದರೂ ಹಾರಾಟ ಸುಮಾರು 17 ಗಂಟೆಯದಷ್ಟೇ.

ಗಡಿಯಾರದ ಲೆಕ್ಕ

ಭೂಮಿಯು 24 ಗಂಟೆಗಳಲ್ಲಿ 360 ಡಿಗ್ರಿ ತಿರುಗುತ್ತದೆ. ಅಂದರೆ ಗಂಟೆಗೆ 15 ಡಿಗ್ರಿ. ಪೂರ್ವದ ಊರಿಗೆ ಸೂರ್ಯೋದಯ ಮೊದಲು, ಪಶ್ಚಿಮದ ಊರಿಗೆ ಆಮೇಲೆ. ಭಾರತದ ಗಡಿಯಾರ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ, ದುಬಾಯಿಯದು ನಾಲ್ಕು ಗಂಟೆ ಮುಂದೆ. ಇವೆರಡರ ವ್ಯತ್ಯಾಸ ಒಂದೂವರೆ ಗಂಟೆ. ಟಿಕೆಟಿನಲ್ಲಿ ಆಯಾ ಊರಿನ ಸಮಯವನ್ನೇ ಅಚ್ಚು ಹಾಕಿರುತ್ತಾರೆ. ಆದ್ದರಿಂದ ದುಬಾಯಿಯ 11 ಗಂಟೆಯೆಂದರೆ ನಮ್ಮ ಹನ್ನೆರಡೂವರೆ. ಅಮ್ಮ ಫೋನಿಗೆ ಕಾಯಬೇಕಾದದ್ದು ಆ ಹೊತ್ತಿನ ನಂತರವೇ.

ಬರುವಾಗ ಲೆಕ್ಕ ತಿರುಗುಮುರುಗು. ಮಧ್ಯಾಹ್ನ 12ಕ್ಕೆ ದುಬಾಯಿ ಬಿಟ್ಟ ವಿಮಾನ ಮೂರೂವರೆ ಗಂಟೆ ಹಾರಿದರೆ ಅಲ್ಲಿಯ ಗಡಿಯಾರದಲ್ಲಿ 3-30. ನಮ್ಮಲ್ಲಿ ಸಂಜೆ 5 ಗಂಟೆ. ಟಿಕೆಟು ನೋಡಿದವರಿಗೆ ಐದು ಗಂಟೆಯ ಪ್ರಯಾಣದಂತೆ ತೋರುತ್ತದೆ. ವಾಸ್ತವವಾಗಿ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಲವಾದ ಗಾಳಿ ಬೆನ್ನಿಗಿದ್ದರೆ ಬರುವ ಪ್ರಯಾಣವೇ ತುಸು ಬೇಗ ಮುಗಿಯುತ್ತದೆ.

ವಿದ್ಯಾರ್ಥಿಗಳೇ, ಮುಂದಿನ ಸಲ ನಿಮ್ಮ ಮನೆಯವರು ಪ್ರಯಾಣ ಹೊರಟಾಗ ಟಿಕೆಟು ಹಿಡಿದು ಈ ಲೆಕ್ಕವನ್ನು ಹಿರಿಯರಿಗೆ ಮಾಡಿ ತೋರಿಸಿರಿ. ಕಾಯುವವರ ಆತಂಕ ಅಷ್ಟಾದರೂ ಕಡಿಮೆಯಾದೀತು.