ಸಣ್ಣ ಪದಗಳಿಂದ ಶುರುಮಾಡಿ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಕನ್ನಡ ಶಾಲೆಗಳಲ್ಲಿ ಓದುತ್ತಿರುವ ತಮ್ಮಂದಿರೇ, ತಂಗಿಯರೇ, ಇಂಗ್ಲಿಷ್ ಎಂದೊಡನೆ ನಿಮ್ಮಲ್ಲಿ ಎಷ್ಟೋ ಮಂದಿ ತಲೆ ತಗ್ಗಿಸುತ್ತೀರಿ. ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿರುವ ಹುಡುಗಿಯೂ ಇಂಗ್ಲಿಷ್ ಪಾಠ ಓದಲು ಎದ್ದು ನಿಂತರೆ ದನಿ ಇಳಿಸುತ್ತಾಳೆ. ಈ ಅಂಜಿಕೆಗೆ ಬುದ್ಧಿಯ ಕೊರತೆ ಕಾರಣವಲ್ಲ. ಸಣ್ಣ ಪದಗಳು ಗಟ್ಟಿಯಾಗುವ ಮೊದಲೇ ಉದ್ದುದ್ದ ಪದಗಳ ಸ್ಪೆಲಿಂಗ್ ಬಾಯಿಪಾಠಕ್ಕೆ ಇಳಿದದ್ದೇ ಕಾರಣ. ಹಿರಿಯನಾಗಿ ನಾನು ಹೇಳುವುದು ಇಷ್ಟೇ: ಮೂರಕ್ಷರದ ಪದಗಳಿಂದ ಶುರುಮಾಡಿ.

‘ಟಿ’ ಅಕ್ಷರದಲ್ಲಿ ಮುಗಿಯುವ ಪದಗಳನ್ನೇ ತೆಗೆದುಕೊಳ್ಳಿ. ಹ್ಯಾಟ್ ಎಂದರೆ ಟೊಪ್ಪಿಗೆ, ಹಿಟ್ ಎಂದರೆ ಹೊಡೆ, ಹಾಟ್ ಎಂದರೆ ಬಿಸಿ, ಹಟ್ ಎಂದರೆ ಗುಡಿಸಲು. ಮೊದಲ ಅಕ್ಷರ, ಕೊನೆಯ ಅಕ್ಷರ ಅವವೇ. ನಡುವಿನ ಸ್ವರ ಬದಲಾದಂತೆ ಅರ್ಥವೂ ಬದಲಾಯಿತು. ಒಂದನೆಯ ಇಯತ್ತೆಯಲ್ಲಿ ಕ, ಕಾ, ಕಿ, ಕೀ ಎಂದು ಕಲಿತವರಿಗೆ ಇದೇನೂ ಹೊಸದಲ್ಲ. ಇದು ಇಂಗ್ಲಿಷಿನ ಕಾಗುಣಿತ. ಹಾಗೆಯೇ ಪ್ಯಾಟ್ ಎಂದರೆ ಮೆಲ್ಲಗೆ ತಟ್ಟು, ಪೆಟ್ ಸಾಕಿದ ಪ್ರಾಣಿ, ಪಿಟ್ ತಗ್ಗು, ಪಾಟ್ ಗಡಿಗೆ, ಪುಟ್ ಇಡು. ಹಟ್, ಪುಟ್ ಎರಡರಲ್ಲೂ ನಡುವೆ ಇರುವುದು ‘ಯು’ ಅಕ್ಷರವೇ ಆದರೂ ಉಚ್ಚಾರ ಬೇರೆ. ಇಂಥವನ್ನು ಕಿವಿಯಿಂದಲೇ ಕಲಿಯಬೇಕು.

ಕೊನೆಯ ಅಕ್ಷರದ ಮೇಲೆ ಹೆಚ್ಚು ನಿಗಾ ಇರಲಿ. ನಮ್ಮ ಇಂದಿನ ಮಾತು ಸ್ವರದಲ್ಲಿ ಮುಗಿಯಲು ಬಯಸುತ್ತದೆ. ಹಳಗನ್ನಡದ ಕಣ್, ಪಾಲ್ ಈಗ ಕಣ್ಣು, ಹಾಲು ಆಗಿವೆ. ಇಂಗ್ಲಿಷಿನ ಬಸ್ ನಮ್ಮ ಬಾಯಲ್ಲಿ ಬಸ್ಸು ಆಯಿತು. ಕನ್ನಡ ಮಾತಾಡುವಾಗ ಅದು ತಪ್ಪಲ್ಲ, ನಮ್ಮ ನುಡಿಯ ಜಾಯಮಾನ. ಇಂಗ್ಲಿಷ್ ಓದುವಾಗ ಮಾತ್ರ ನಾಲಿಗೆಯನ್ನು ಕೊನೆಯ ವ್ಯಂಜನದಲ್ಲೇ ತಡೆಯಿರಿ. ಇಲ್ಲವಾದರೆ ಸಿಟ್ ಸಿಟ್ಟಾಗುತ್ತದೆ, ಕಟ್ ಕಟ್ಟಾಗುತ್ತದೆ, ಹಿಟ್ ಹಿಟ್ಟಾಗುತ್ತದೆ. ‘ಟಿ’ ಮತ್ತು ‘ಡಿ’ಗಳನ್ನೂ ಬೆರೆಸಬೇಡಿ: ಸ್ಯಾಟ್ ಎಂದರೆ ಕುಳಿತ, ಸ್ಯಾಡ್ ಎಂದರೆ ದುಃಖದ.

ಕೊನೆಯಲ್ಲಿ ‘ಇ’ ಬಂದರೆ ಅದು ಸಾಮಾನ್ಯವಾಗಿ ತಾನು ಉಲಿಯುವುದಿಲ್ಲ, ಹಿಂದಿನ ಸ್ವರವನ್ನು ಬದಲಿಸುತ್ತದೆ. ನಲ್ಲಿ ಎಂಬರ್ಥದ ಟ್ಯಾಪ್ ಪಟ್ಟಿ ಎಂಬರ್ಥದ ಟೇಪ್ ಆಗುತ್ತದೆ. ಬಿಟ್ ಚೂರು, ಬೈಟ್ ಕಚ್ಚು. ನಾಟ್ ಅಲ್ಲ, ನೋಟ್ ಟಿಪ್ಪಣಿ. ಹ್ಯಾವ್, ಗಿವ್‌ನಂಥ ಕೆಲವು ಪದಗಳು ಈ ನಿಯಮಕ್ಕೆ ಹೊರಗು. ಅವನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಿ.

ವ್ಯಾಕರಣಕ್ಕೂ ಈ ಸಣ್ಣ ಪದಗಳೇ ಬಾಗಿಲು. ಕಟ್, ಪುಟ್, ಹಿಟ್, ಲೆಟ್, ಸೆಟ್, ಶಟ್ ಭೂತಕಾಲದಲ್ಲೂ ಹಾಗೇ ಇರುತ್ತವೆ. ಸಿಟ್ ಮಾತ್ರ ಸ್ಯಾಟ್ ಆಗುತ್ತದೆ, ಗೆಟ್ ಗಾಟ್ ಆಗುತ್ತದೆ. ಪರೀಕ್ಷೆಯಲ್ಲಿ ಅಂಕ ಹೋಗುವುದು ಬಹಳ ಸಲ ಇಂಥಲ್ಲೇ.

ಒಂದು ಪದಕ್ಕೆ ಒಂದೇ ಅರ್ಥ ಬರೆದು ಸುಮ್ಮನಾಗಬೇಡಿ. ಸೆಟ್ ಎಂದರೆ ಇಡುವುದೂ ಹೌದು, ಹೊತ್ತು ಮುಳುಗುವುದೂ ಹೌದು, ಪಾತ್ರೆಗಳ ಗುಂಪೂ ಹೌದು. ಅರ್ಥ ಗೊತ್ತಾಗುವುದು ವಾಕ್ಯದಲ್ಲಿ. ಆದ್ದರಿಂದ ಕಲಿತ ಪದಕ್ಕೊಂದು ನಿಮ್ಮದೇ ವಾಕ್ಯ ಕಟ್ಟಿ. ಹಾನಗಲ್ಲಿನ ಬತ್ತದ ಗದ್ದೆಯ ಹಸಿ ಮಣ್ಣಿಗೆ ವೆಟ್ ಎನ್ನಿ, ಮಾವಿನಹಣ್ಣು ಕೊಳೆಯುವುದಕ್ಕೆ ರಾಟ್ ಎನ್ನಿ. ಕಂಡ ವಸ್ತುವಿಗೆ ಅಂಟಿದ ಪದ ಮರೆಯುವುದಿಲ್ಲ.

ಇಂಗ್ಲಿಷ್ ನಮ್ಮಂಥವರಿಗೆ ಒಲಿಯದು ಎಂದು ಯಾರಾದರೂ ಅಂದರೆ ಸವಣೂರಿನ ವಿನಾಯಕ ಕೃಷ್ಣ ಗೋಕಾಕರ ಹೆಸರು ಹೇಳಿ. 1909ರಲ್ಲಿ ಅಲ್ಲಿ ಹುಟ್ಟಿದವರು ಧಾರವಾಡದಲ್ಲಿ ಓದಿ, ಆಕ್ಸ್‌ಫರ್ಡ್‌ಗೆ ಹೋಗಿ, ಇಂಗ್ಲಿಷಿನ ಪ್ರಾಧ್ಯಾಪಕರಾದರು. ಹೈದರಾಬಾದಿನ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್‌ನ ನಿರ್ದೇಶಕರೂ ಆಗಿದ್ದರು. ಜ್ಞಾನಪೀಠ ಬಂದದ್ದು ಅವರ ಕನ್ನಡ ಸಾಹಿತ್ಯಕ್ಕೆ. ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕೆಂದು 1981ರಲ್ಲಿ ವರದಿ ಕೊಟ್ಟ ಸಮಿತಿಗೂ ಅವರೇ ಅಧ್ಯಕ್ಷರು. ಇಂಗ್ಲಿಷನ್ನು ಅಷ್ಟು ಬಲ್ಲವರು ಕನ್ನಡವನ್ನು ಕೈಬಿಡಲಿಲ್ಲ.

ನೀವೂ ಹಾಗೆಯೇ ನಡೆಯಿರಿ. ದಿನಕ್ಕೆ ಒಂದೇ ಗುಂಪಿನ ನಾಲ್ಕೈದು ಪದ ಸಾಕು. ಗಟ್ಟಿಯಾಗಿ ಓದಿ, ಕನ್ನಡದಲ್ಲಿ ಅರ್ಥ ಬರೆಯಿರಿ, ವಾಕ್ಯ ಕಟ್ಟಿ, ತಮ್ಮ ತಂಗಿಯರಿಗೂ ಹೇಳಿಕೊಡಿ. ತಪ್ಪು ಓದಿದವರನ್ನು ನೋಡಿ ನಗಬೇಡಿ, ಯಾರಾದರೂ ನಕ್ಕರೆ ಓದುವುದನ್ನು ನಿಲ್ಲಿಸಲೂಬೇಡಿ.