ಅಡಿಕೆ ದಬ್ಬೆಯ ಕಾಂಪೋಸ್ಟ್ ತೊಟ್ಟಿ

ಮಳೆಗಾಲದಲ್ಲಿ ತಿಪ್ಪೆಯ ಅಡಿಯಿಂದ ಕಂದು ನೀರು ಹರಿದು ಚರಂಡಿ ಸೇರುವುದನ್ನು ಹಳ್ಳಿಗಳಲ್ಲಿ ಕಾಣುತ್ತೇವೆ. ಆ ನೀರಿನಲ್ಲಿ ಕರಗಿ ಹೋಗುವುದು ಬೆಳೆಗೆ ಬೇಕಾದ ಸಾರಜನಕ ಮತ್ತು ಪೊಟ್ಯಾಷ್. ಬೇಸಿಗೆಯಲ್ಲಿ ಅದೇ ಸಾರಜನಕವು ಅಮೋನಿಯ ಅನಿಲವಾಗಿ ಗಾಳಿಯ ಪಾಲಾಗುತ್ತದೆ. ಹೀಗೆ ಎರಡು ಕಾಲಗಳಲ್ಲೂ ಕಳೆದುಕೊಂಡುದನ್ನು ರೈತರು ಯೂರಿಯ ಚೀಲದ ರೂಪದಲ್ಲಿ ಹಣ ಕೊಟ್ಟು ಕೊಳ್ಳುತ್ತಾರೆ.

ಇದನ್ನು ತಡೆಯಲು ಸಿಮೆಂಟಿನ ತೊಟ್ಟಿಯೇ ಆಗಬೇಕೆಂಬ ಭಾವನೆ ಸರಿಯಲ್ಲ. 1939ರಲ್ಲಿ ಸಿ.ಎನ್. ಆಚಾರ್ಯರು ರೂಪಿಸಿದ ಬೆಂಗಳೂರು ಪದ್ಧತಿಗೆ ಗುಂಡಿ ಸಾಕು. ಮಗುಚುವ ಕೂಲಿಯೂ ಇಲ್ಲ. ಮಳೆ ಕಡಿಮೆಯಿರುವ ಬಯಲುಸೀಮೆಗೆ ಅದು ಒಪ್ಪುತ್ತದೆ. ಆದರೆ ಮಲೆನಾಡು ಮತ್ತು ಕರಾವಳಿಯಲ್ಲಿ ಗುಂಡಿಗೆ ನೀರು ನಿಂತು, ಗಾಳಿಯಾಡದೆ ಕಸ ನಾರುತ್ತದೆ. ಅಲ್ಲಿ ನೆಲದ ಮೇಲೆಯೇ ತೊಟ್ಟಿ ಕಟ್ಟುವುದು ಲೇಸು.

ನೀರು ನಿಲ್ಲದ, ನೆರಳಿರುವ ಜಾಗದಲ್ಲಿ 1 ಮೀ. ಚೌಕದ ನಾಲ್ಕು ಮೂಲೆಗಳಲ್ಲಿ 1.5 ಮೀ. ಉದ್ದದ ಗೂಟಗಳನ್ನು 30 ಸೆಂ.ಮೀ. ಆಳಕ್ಕೆ ನೆಡಬೇಕು. ಗೆದ್ದಲು ಹತ್ತದಂತೆ ಗೂಟದ ಬುಡವನ್ನು ಬೆಂಕಿಯಲ್ಲಿ ಕರಿಯಾಗುವವರೆಗೆ ಸುಡಬೇಕು. ಮೂರು ಬದಿಗೆ ಅಡಿಕೆ ದಬ್ಬೆ ಇಲ್ಲವೇ ಬಿದಿರು ಸೀಳುಗಳನ್ನು ಎರಡು ಬೆರಳಿನಷ್ಟು ಸಂದಿ ಬಿಟ್ಟು ಕಟ್ಟಿ, ಮುಂಬದಿಯ ದಬ್ಬೆಗಳನ್ನು ಮಾತ್ರ ಬಿಚ್ಚಲು ಬರುವಂತೆ ಸಡಿಲ ಗಂಟು ಹಾಕಬೇಕು. ಸಂದಿ ಅತ್ಯಗತ್ಯ. ನಾನು ಮೊದಲು ಕಟ್ಟಿದ ತೊಟ್ಟಿಗೆ ಸಂದಿ ಬಿಟ್ಟಿರಲಿಲ್ಲ. ಮೂರನೆಯ ವಾರಕ್ಕೆ ವಾಸನೆ ತಾಳಲಾರದೆ ಮನೆಯವರು ಬಿಚ್ಚಿಸಿದರು!

ತಳಕ್ಕೆ ತೆಂಗಿನ ಸಿಪ್ಪೆ ಅಥವಾ ತೊಗರಿ ಕಡ್ಡಿಯನ್ನು 15 ಸೆಂ.ಮೀ. ಹರಡಿ, ನಡುವೆ ಒಂದು ಬಿದಿರು ಗಳ ನಿಲ್ಲಿಸಬೇಕು. ಅದರ ಮೇಲೆ 15 ಸೆಂ.ಮೀ. ಒಣಹುಲ್ಲು, ತರಗೆಲೆ, ಅದರ ಮೇಲೆ ಹಸಿರು ಸೊಪ್ಪು, ಬಳಿಕ ಗಂಜಲದಲ್ಲಿ ಕದಡಿದ ಸಗಣಿ. ಭತ್ತದ ಹುಲ್ಲಿನಲ್ಲಿ ಇಂಗಾಲವು ಸಾರಜನಕದ ಸುಮಾರು 80 ಪಟ್ಟು ಇರುವುದರಿಂದ ಅದೊಂದೇ ಬೇಗ ಕಳಿಯದು. ಗ್ಲಿರಿಸಿಡಿಯ ಸೊಪ್ಪು, ಗಂಜಲ ಸೇರಿಸಿ ಇದನ್ನು 30 ಪಟ್ಟಿನ ಆಸುಪಾಸಿಗೆ ತರಬೇಕು. ತೊಟ್ಟಿ ತುಂಬಿದ ಮೇಲೆ ಗಳವನ್ನು ಎಳೆದು ತೆಗೆದರೆ ಗಾಳಿಗೆ ದಾರಿಯಾಗುತ್ತದೆ.

ದಿನಕ್ಕೊಂದು ಬುಟ್ಟಿಯಂತೆ ಕಸ ಸುರಿದರೆ ಕಾವು ಏರುವುದಿಲ್ಲ. ಒಣಕಸವನ್ನು ಬೇರೆಡೆ ಕೂಡಿಹಾಕಿ, ಒಂದೆರಡು ದಿನಗಳಲ್ಲೇ ತೊಟ್ಟಿ ತುಂಬಿ, ಮಡಲಿನ ತಟ್ಟಿ ಮುಚ್ಚತಕ್ಕದ್ದು. ವಾರದೊಳಗೆ ಒಳಗಿನ ಶಾಖ 55ರಿಂದ 65 ಡಿಗ್ರಿ ಸೆಂಟಿಗ್ರೇಡ್ ಮುಟ್ಟಿ ಬಹುಪಾಲು ಕಳೆಬೀಜಗಳು ಸಾಯುತ್ತವೆ. ಕಬ್ಬಿಣದ ಸಲಾಕೆಯೊಂದನ್ನು ಐದು ನಿಮಿಷ ಚುಚ್ಚಿಟ್ಟು ತೆಗೆದರೆ ಅದು ಕೈಯಲ್ಲಿ ಹಿಡಿಯಲಾರದಷ್ಟು ಬಿಸಿಯಾಗಿರಬೇಕು. ಕಸವನ್ನು ಮುಷ್ಟಿಯಲ್ಲಿ ಹಿಂಡಿದಾಗ ಒಂದೆರಡು ಹನಿಗಿಂತ ಹೆಚ್ಚು ನೀರು ಬರಬಾರದು. 15, 30 ಮತ್ತು 60ನೇ ದಿನ ಮಗುಚಿದರೆ ಮೂರು ನಾಲ್ಕು ತಿಂಗಳಿಗೆ ಗೊಬ್ಬರ ಸಿದ್ಧ.

ಗೃಹಿಣಿಯರು ಒಲೆಬೂದಿಯನ್ನು ತಿಪ್ಪೆಗೆ ಸುರಿಯುವುದು ವಾಡಿಕೆ. ಬೂದಿ ಕ್ಷಾರವಾದುದರಿಂದ ಗಂಜಲದ ಸಾರಜನಕವನ್ನು ಅಮೋನಿಯವಾಗಿ ಹೊರಗಟ್ಟುತ್ತದೆ, ಸುಣ್ಣವೂ ಹಾಗೆಯೇ. ಬೂದಿಯಲ್ಲಿ ಪೊಟ್ಯಾಷ್ ಇರುವುದು ನಿಜ. ಅದನ್ನು ಬೇರೆ ಡಬ್ಬದಲ್ಲಿ ಒಣಗಿದಂತೆ ಇಟ್ಟು ನೇರವಾಗಿ ತೆಂಗು, ಬಾಳೆಯ ಪಾತಿಗೆ ಹಾಕಬಹುದು.

ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿ ಮೊಟ್ಟೆಯಿಡುವುದು ಇಂಥ ಗೊಬ್ಬರದಲ್ಲೇ. ಮಗುಚುವಾಗ ಸಿಕ್ಕುವ ದಪ್ಪ ಬಿಳಿ ಹುಳುಗಳನ್ನು ಆರಿಸಿ ಕೋಳಿಗಳಿಗೆ ಹಾಕಬೇಕು.